ಗಾಜಿನ ತೊಟ್ಟಿಯೊಳಗಿನ ತೋಟ: ಸಸ್ಯ ಅಕ್ವೇರಿಯಂಗಳ ಇಂದಿನ ವಿನ್ಯಾಸಗಳು

ಮಹಾನಗರಗಳ ಕನ್ನಡಿಗರ ಮನೆಗಳಲ್ಲಿ ಮೀನಿನ ತೊಟ್ಟಿ ಹೊಸ ಸಂಗತಿಯೇನಲ್ಲ. ನೀಲಿ ಬಣ್ಣ ಬಳಿದ ಜಲ್ಲಿಕಲ್ಲು, ಬಾಯಿ ತೆರೆದು ಮುಚ್ಚುವ ಚಿಪ್ಪು, ಗುಳ್ಳೆ ಬಿಡುವ ಮುಳುಗುಗಾರನ ಬೊಂಬೆ, ಪ್ಲಾಸ್ಟಿಕ್ಕಿನ ಗಿಡ, ನಾಲ್ಕಾರು ಚಿನ್ನದ ಮೀನು - ಟಿ.ವಿ.ಯ ಪಕ್ಕದಲ್ಲಿ ಇಂತಹ ತೊಟ್ಟಿಯೊಂದನ್ನು ನಾವೆಲ್ಲರೂ ಕಂಡವರೇ. ಮುಂಬಯಿಯಲ್ಲಿ ಬೆಳೆದವರಿಗಂತೂ 1951ರಲ್ಲಿ ಮರೀನ್ ಡ್ರೈವಿನಲ್ಲಿ ಆರಂಭವಾದ ತಾರಾಪೋರ್‌ವಾಲಾ ಮತ್ಸ್ಯಾಲಯಕ್ಕೆ ಶಾಲೆಯ ವತಿಯಿಂದ ಸಾಲಾಗಿ ಹೋದ ನೆನಪೂ ಇರುತ್ತದೆ. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಬಂಧುಮಿತ್ರರ ಮನೆಗಳಿಗೆ ಹೋದಾಗ ಆ ಮೂಲೆಯಲ್ಲಿ ಕಾಣುವ ದೃಶ್ಯವೇ ಬೇರೆ. ಅಂಚುಪಟ್ಟಿಯಿಲ್ಲದ ತಿಳಿಗಾಜಿನ ತೊಟ್ಟಿ, ಅದರೊಳಗೆ ಹುಲ್ಲುಗಾವಲು, ಕಲ್ಲುಬೆಟ್ಟ, ಹಾವಸೆ ಹೊದ್ದ ಮರದ ಬೇರು. ಮೀನು ಇದ್ದರೂ ಅದು ಅತಿಥಿ, ಯಜಮಾನಿಕೆ ಗಿಡಗಳದ್ದು.

ಇಂತಹ ತೊಟ್ಟಿಗಳಲ್ಲಿ ಹಲವು ಮಾದರಿಗಳಿವೆ, ಒಂದೊಂದಕ್ಕೂ ಒಂದೊಂದು ಹಿನ್ನೆಲೆಯಿದೆ. ಅಂಗಡಿಯಲ್ಲಿ ಚಿತ್ರ ತೋರಿಸಿ "ಇದೇ ಬೇಕು" ಎನ್ನುವವರಿಗೆ ಆ ಚಿತ್ರದ ಹಿಂದಿರುವ ಬೆಳಕು, ಅನಿಲ, ದುಡಿಮೆಗಳ ಲೆಕ್ಕ ಗೊತ್ತಿರುವುದಿಲ್ಲ. ಲೆಕ್ಕ ತಪ್ಪಿದರೆ ಕೈಗೆ ಉಳಿಯುವುದು ಪಾಚಿ. ಪ್ರಾಣ ತೆರುವುದು ಮೀನು. ಆದ್ದರಿಂದ ಈ ವಿನ್ಯಾಸಗಳನ್ನು ಪರಿಚಯಿಸುವುದರ ಜೊತೆಗೆ, ನಮ್ಮ ನಗರಗಳ ನೀರಿಗೆ, ಸೆಕೆಗೆ, ಫ್ಲಾಟುಗಳಿಗೆ, ಮೇ ತಿಂಗಳಲ್ಲಿ ಬೀಗ ಹಾಕಿ ಊರಿಗೆ ಹೊರಡುವ ನಮ್ಮ ಪದ್ಧತಿಗೆ ಯಾವುದು ಒಗ್ಗುತ್ತದೆ ಎಂಬುದನ್ನೂ ಇಲ್ಲಿ ವಿವರಿಸಲು ಬಯಸುತ್ತೇವೆ.

ನೀರಿನೊಳಗೆ ಗಿಡ ಬದುಕುವ ಬಗೆ

ಶಾಲೆಯ ವಿಜ್ಞಾನದ ತರಗತಿಯನ್ನು ಓದುಗರು ಒಮ್ಮೆ ನೆನೆಸಿಕೊಳ್ಳಬೇಕು. ಬೀಕರಿನಲ್ಲಿ ಹೈಡ್ರಿಲ್ಲಾ ಗಿಡ, ಅದರ ಮೇಲೆ ಬೋರಲು ಹಾಕಿದ ಆಲಿಕೆ, ಆಲಿಕೆಯ ಮೇಲೆ ನೀರು ತುಂಬಿದ ಪ್ರನಾಳ. ಬಿಸಿಲಿಗಿಟ್ಟರೆ ಪ್ರನಾಳದಲ್ಲಿ ಗುಳ್ಳೆ ಏರಿ ಆಮ್ಲಜನಕ ಸೇರುತ್ತಿತ್ತು. ನೀರಿಗೆ ಚಿಟಿಕೆ ಅಡಿಗೆ ಸೋಡಾ ಹಾಕಿದರೆ ಗುಳ್ಳೆ ಹೆಚ್ಚುತ್ತಿತ್ತು; ಏಕೆಂದರೆ ಗಿಡಕ್ಕೆ ಬೇಕಾದ ಇಂಗಾಲ ಆಗ ಹೆಚ್ಚು ಸಿಗುತ್ತಿತ್ತು. ಇಂದಿನ ದುಬಾರಿ ತೊಟ್ಟಿಗಳೆಲ್ಲ ಆ ಬೀಕರಿನ ವಿಸ್ತರಣೆಯೇ ಹೊರತು ಬೇರೇನಲ್ಲ.

ಗಾಳಿಯೊಡನೆ ಸಮತೋಲದಲ್ಲಿರುವ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಲೀಟರಿಗೆ ಒಂದು ಮಿಲಿಗ್ರಾಂಗಿಂತಲೂ ಕಡಿಮೆ. ಮೇಲಾಗಿ ಈ ಅನಿಲ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಅಂದರೆ ನೀರೊಳಗಿನ ಗಿಡಕ್ಕೆ ಬೆಳಕಿದ್ದರೂ ಸಾಮಾನ್ಯವಾಗಿ ಹೊಟ್ಟೆಗಿಲ್ಲ. ದಟ್ಟ ಹಸಿರಿನ ತೊಟ್ಟಿಗಳಲ್ಲಿ ಉಕ್ಕಿನ ಸಿಲಿಂಡರಿನಿಂದ ಈ ಅನಿಲವನ್ನು ನುಣ್ಣನೆಯ ಗುಳ್ಳೆಗಳಾಗಿ ಹಾಯಿಸಿ ಲೀಟರಿಗೆ 20ರಿಂದ 30 ಮಿಲಿಗ್ರಾಂವರೆಗೆ ಏರಿಸುವುದು ವಾಡಿಕೆ. ಇದಕ್ಕಿಂತ ಮಿಕ್ಕಿದರೆ ಮೀನುಗಳಿಗೆ ಉಸಿರು ಕಟ್ಟುತ್ತದೆ. ಕಡಿಮೆಯಾದರೆ, ಬೆಳಕು ಮಾತ್ರ ಪ್ರಖರವಾಗಿದ್ದು, ಗಿಡ ಬಳಸದೆ ಬಿಟ್ಟದ್ದನ್ನೆಲ್ಲ ಪಾಚಿ ಬಳಸಿಕೊಳ್ಳುತ್ತದೆ. ತೊಟ್ಟಿಯೊಳಗೆ ನೇತುಹಾಕುವ ಚಿಕ್ಕ ಗಾಜಿನ ಬುರುಡೆಯಲ್ಲಿ ಬ್ರೋಮೋಥೈಮಾಲ್ ನೀಲಿಯ ದ್ರಾವಣವಿರುತ್ತದೆ. ಅದು ನೀಲಿಯಾಗಿದ್ದರೆ ಅನಿಲ ಸಾಲದು, ಹಸಿರಾದರೆ ಸರಿ, ಹಳದಿಯಾದರೆ ಅಪಾಯ.

ಗಿಡ, ಮೀನುಗಳ ಈ ಕೊಡುಕೊಳೆಯನ್ನು ಗಾಜಿನ ಪಾತ್ರೆಯಲ್ಲಿ ಮೊದಲಿಗೆ ಕ್ರಮಬದ್ಧವಾಗಿ ತೋರಿಸಿದವರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಪ್ರಮುಖರು. 1850ರಲ್ಲಿ ಅವರು ಚಿನ್ನದ ಮೀನು, ವ್ಯಾಲಿಸ್ನೇರಿಯಾ ಎಂಬ ಪಟ್ಟಿಯೆಲೆಯ ಜಲಸಸ್ಯ ಹಾಗೂ ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿ ಇಟ್ಟು ನೀರು ಕೆಡದಂತೆ ಉಳಿಸಿದರು. ಕೊಳೆತ ಎಲೆಯನ್ನು ಹುಳು ತಿನ್ನಬೇಕು, ಮೀನಿನ ಹೊಲಸು ಗಿಡಕ್ಕೆ ಗೊಬ್ಬರವಾಗಬೇಕು, ಗಿಡ ಮೀನಿಗೆ ಉಸಿರು ಕೊಡಬೇಕು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಗೃಹ ತೆರೆಯಿತು. ಮರುವರ್ಷ ಪ್ರಕಟವಾದ ಫಿಲಿಪ್ ಹೆನ್ರಿ ಗಾಸ್ ಅವರ ಪುಸ್ತಕದಿಂದ ಅಕ್ವೇರಿಯಂ ಎಂಬ ಶಬ್ದವೇ ಮನೆಮಾತಾಯಿತು.

ಡಚ್ಚರ ಪಾತಿ

ವಿನ್ಯಾಸವೆಂಬ ಮಾತು ಮೊದಲು ಹುಟ್ಟಿದ್ದು ನೆದರ್‌ಲ್ಯಾಂಡ್ಸ್‌ನಲ್ಲಿ, 1930ರ ದಶಕದಲ್ಲಿ. ಹೂದೋಟಕ್ಕೆ ಹೆಸರಾದ ಡಚ್ಚರು ತೊಟ್ಟಿಯನ್ನೂ ಹೂದೋಟದಂತೆಯೇ ಕಂಡರು. ಕಲ್ಲು, ಕಟ್ಟಿಗೆಗಳಿಗೆ ಅಲ್ಲಿ ಪ್ರಾಶಸ್ತ್ಯವಿಲ್ಲ. ಒಂದೊಂದು ಜಾತಿಯ ಗಿಡವನ್ನೂ ಪ್ರತ್ಯೇಕ ಪಾತಿಯಾಗಿ ನೆಟ್ಟು, ಕೆಂಪಿನ ಪಕ್ಕ ಹಸಿರು, ಅಗಲ ಎಲೆಯ ಪಕ್ಕ ಸೂಜಿ ಎಲೆ, ಹಿಂದೆ ಎತ್ತರ ಮುಂದೆ ಗಿಡ್ಡ ಎಂಬ ಕಟ್ಟುನಿಟ್ಟಿನಲ್ಲಿ ಕತ್ತರಿಸಿ ನಿಲ್ಲಿಸುತ್ತಾರೆ. ಉದ್ದದ ಪ್ರತಿ 10 ಸೆಂಟಿಮೀಟರಿಗೆ ಒಂದಕ್ಕಿಂತ ಹೆಚ್ಚು ಜಾತಿ ಇರಬಾರದೆಂಬುದು ಅವರ ಸಾಮಾನ್ಯ ಸೂತ್ರ. ಒಂದೇ ಗಿಡವನ್ನು ಮುಂದಿನಿಂದ ಹಿಂದಕ್ಕೆ ಇಳುಕಲಾಗಿ ಸಾಲುಗಟ್ಟಿಸಿ ಆಳದ ಭ್ರಮೆ ಹುಟ್ಟಿಸುವ ವಿಧಾನಕ್ಕೆ ಲೈಡನ್ ನಗರದ ಹೆಸರಿನಲ್ಲಿ ಬೀದಿಯೆಂದೇ ಕರೆಯುತ್ತಾರೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನು ನೋಡಿದವರಿಗೆ ಈ ಅಭಿರುಚಿ ಅಪರಿಚಿತವೆನಿಸದು.

ಡಚ್ ಪದ್ಧತಿಯಲ್ಲಿ ಇನ್ನೊಂದು ವಿಶೇಷವನ್ನು ಗಮನಿಸಬೇಕು. ಅಲ್ಲಿನ ಹವ್ಯಾಸಿ ಸಂಘಗಳ ಸ್ಪರ್ಧೆಗಳಲ್ಲಿ ತೀರ್ಪುಗಾರರು ಸ್ಪರ್ಧಿಯ ಮನೆಗೇ ಬರುತ್ತಾರೆ. ತೊಟ್ಟಿಯ ಮುಂದೆ ಕುಳಿತು ಗಿಡದ ಆರೋಗ್ಯ, ಮೀನಿನ ಆರೋಗ್ಯ, ನೀರಿನ ಗುಣ ಎಲ್ಲವನ್ನೂ ನೋಡಿ ಅಂಕ ಹಾಕುತ್ತಾರೆ. ವಧೂಪರೀಕ್ಷೆಗೆ ಮನೆಗೆ ಬಂದಂತೆ ಎಂದು ನಾವು ನಗೆಯಾಡಬಹುದು. ಆದರೆ ಫೋಟೋ ನೋಡಿ ಒಪ್ಪುವುದಕ್ಕಿಂತ ಅದು ಮೇಲು. ಈ ಮಾತು ಮುಂದೆ ಮತ್ತೆ ಬರಲಿದೆ.

ಅಮಾನೊ ಮತ್ತು ಕಲ್ಲಿನ ವಿನ್ಯಾಸ

ಇಂದಿನ ತೊಟ್ಟಿಗಳ ರೂಪವನ್ನು ಬದಲಿಸಿದವರು ಜಪಾನಿನ ತಕಾಶಿ ಅಮಾನೊ. 1954ರಲ್ಲಿ ನೀಗಾತಾ ಪ್ರಾಂತದಲ್ಲಿ ಹುಟ್ಟಿದ ಇವರು ಮೊದಲು ವೃತ್ತಿಪರ ಸೈಕಲ್ ಪಂದ್ಯದ ಸವಾರರು. ಕಾಡುಗಳನ್ನು ಚಿತ್ರಿಸುವ ಛಾಯಾಗ್ರಾಹಕರೂ ಹೌದು. ಅಮೆಜಾನ್, ಬೋರ್ನಿಯೋ, ಪಶ್ಚಿಮ ಆಫ್ರಿಕಾಗಳ ಮಳೆಕಾಡುಗಳಲ್ಲಿ ದೊಡ್ಡ ಫಿಲ್ಮಿನ ಕ್ಯಾಮರಾ ಹೊತ್ತು ತಿರುಗಿದವರು. 1982ರಲ್ಲಿ ಅವರು ಅಕ್ವಾ ಡಿಸೈನ್ ಅಮಾನೊ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 1990ರ ದಶಕದಲ್ಲಿ ಅವರ ಚಿತ್ರಸಂಪುಟಗಳು ಹೊರದೇಶಗಳಿಗೆ ತಲುಪಿದಾಗ ಡಚ್ಚರ ಪಾತಿಗೆ ಒಗ್ಗಿದ್ದ ಕಣ್ಣುಗಳು ಬೆರಗಾದವು. ಅಲ್ಲಿ ಪಾತಿಯೇ ಇರಲಿಲ್ಲ. ಇಳಿಜಾರು ಹುಲ್ಲು, ಒರಗಿದ ಬಂಡೆ, ಬಿದ್ದ ಮರ, ನಡುವೆ ಬಿಟ್ಟ ಖಾಲಿ ಜಾಗ ಇಷ್ಟೇ. ಇದಕ್ಕೆ ಅವರು ನೇಚರ್ ಅಕ್ವೇರಿಯಂ ಎಂದು ಹೆಸರಿಟ್ಟರು.

ಈ ಶೈಲಿಯ ಅತ್ಯಂತ ಕಠಿಣ ರೂಪ ಇವಾಗುಮಿ, ಅಂದರೆ ಬಂಡೆಗಳ ಜೋಡಣೆ. ಇದರ ಬೇರು ಜಪಾನಿನ ಉದ್ಯಾನಕಲೆಯಲ್ಲಿದೆ. ಕಲ್ಲುಗಳ ಸಂಖ್ಯೆ ಬೆಸವಾಗಿರಬೇಕು. ಎಲ್ಲಕ್ಕಿಂತ ದೊಡ್ಡದು ಒಡೆಯ ಕಲ್ಲು. ಅದನ್ನು ನಟ್ಟನಡುವೆ ಇಡದೆ ತೊಟ್ಟಿಯ ಉದ್ದವನ್ನು ಸುಮಾರು 1ಕ್ಕೆ 1.6ರ ಪ್ರಮಾಣದಲ್ಲಿ ಭಾಗಿಸುವ ಬಿಂದುವಿನಲ್ಲಿ ನಿಲ್ಲಿಸಬೇಕು. ಅದರ ಪಕ್ಕದಲ್ಲಿ ಅದೇ ಜಾತಿಯ, ಅದೇ ಗೆರೆಯ ಎರಡನೆಯ ಕಲ್ಲು. ಒಡೆಯನ ಬಲವನ್ನು ಎತ್ತಿ ತೋರಿಸಲು ಮೂರನೆಯದು. ಇನ್ನೊಂದನ್ನು ತ್ಯಾಗದ ಕಲ್ಲು ಎನ್ನುತ್ತಾರೆ. ಗಿಡ ಬೆಳೆದಂತೆ ಅದು ಮರೆಯಾಗಿಬಿಟ್ಟರೂ ಅಡ್ಡಿಯಿಲ್ಲ. ಎಲ್ಲ ಕಲ್ಲುಗಳ ವಾಲಿಕೆಯೂ ಒಂದೇ ಹೊಳೆ ಹರಿದು ತಿದ್ದಿದಂತೆ ಒಂದೇ ದಿಕ್ಕಿಗಿರಬೇಕು. ಬುಡದಲ್ಲಿ ಒಂದೋ ಎರಡೋ ಜಾತಿಯ ಕಿರುಹುಲ್ಲು, ಮೇಲೆ ಒಂದೇ ಜಾತಿಯ ಚಿಕ್ಕ ಮೀನುಗಳ ಹಿಂಡು.

ನೋಡಲು ಇದಕ್ಕಿಂತ ಸರಳವಾದುದಿಲ್ಲ, ಪಾಲಿಸಲು ಇದಕ್ಕಿಂತ ಕಷ್ಟವಾದುದೂ ಇಲ್ಲ. ಗಿಡಗಳು ಕಡಿಮೆಯಿರುವುದರಿಂದ ಪಾಚಿಗೆ ಪೈಪೋಟಿ ಕೊಡುವವರಿಲ್ಲ. ನೆಲಕ್ಕಂಟಿ ಹರಡುವ ಹೆಮಿಯಾಂಥಸ್ ಕ್ಯೂಬಾ ಎಂಬ ಪುಟ್ಟ ಎಲೆಯ ಗಿಡಕ್ಕೆ ಪ್ರಖರ ಬೆಳಕೂ ಬೇಕು, ಅನಿಲವೂ ಬೇಕು, ತಂಪು ನೀರೂ ಬೇಕು. ನಮ್ಮಲ್ಲಿ ಮೆಚ್ಚುಗೆಯಾಗಿರುವ ಸೇರ್ಯು ಎಂಬ ಬೂದುಬಣ್ಣದ ಕಲ್ಲು ಹೆಚ್ಚಾಗಿ ಸುಣ್ಣದಂಶದ್ದು, ನಿಧಾನವಾಗಿ ಕರಗಿ ನೀರನ್ನು ಗಡಸಾಗಿಸುತ್ತದೆ. ವಾರವಾರ ಅರ್ಧದಷ್ಟು ನೀರು ಬದಲಿಸುವ ಶಿಸ್ತು ಇದ್ದವರಿಗೆ ಮಾತ್ರ ಇವಾಗುಮಿ ಒಲಿಯುತ್ತದೆ.

ಅಮಾನೊ ಅವರ ಇನ್ನೊಂದು ಕೊಡುಗೆ ಬೆರಳಿನರ್ಧ ಉದ್ದದ ಒಂದು ಸಿಗಡಿ. ಪಾಚಿ ತಿನ್ನುವ ಈ ಪಾರದರ್ಶಕ ಜೀವಿಯನ್ನು ಸಸ್ಯ ತೊಟ್ಟಿಗಳಲ್ಲಿ ಬಳಕೆಗೆ ತಂದವರು ಅವರೇ; ಇಂದು ಲೋಕವೆಲ್ಲ ಅದನ್ನು ಅಮಾನೊ ಸಿಗಡಿ ಎಂದೇ ಕರೆಯುತ್ತದೆ. ಇದರ ಮರಿಗಳು ಉಪ್ಪುನೀರಿಲ್ಲದೆ ಬದುಕುವುದಿಲ್ಲವಾದ್ದರಿಂದ ಮನೆಯ ತೊಟ್ಟಿಯಲ್ಲಿ ಸಂತತಿ ಬೆಳೆಯದು. 2015ರ ಏಪ್ರಿಲ್‌ನಲ್ಲಿ ಲಿಸ್ಬನ್ನಿನ ಓಸಿಯನೇರಿಯಂನಲ್ಲಿ ಅಮಾನೊ ರಚಿಸಿದ 40 ಮೀಟರ್ ಉದ್ದದ, 1,60,000 ಲೀಟರ್ ಸಿಹಿನೀರಿನ ಕಾಡು ತೆರೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು.

ಒಂದು ಛಾಯಾಚಿತ್ರದ ತೀರ್ಪು

2001ರಲ್ಲಿ ಅಮಾನೊ ಅವರ ಸಂಸ್ಥೆ ಅಂತಾರಾಷ್ಟ್ರೀಯ ಜಲಸಸ್ಯ ವಿನ್ಯಾಸ ಸ್ಪರ್ಧೆಯನ್ನು ಆರಂಭಿಸಿತು. ಕೆಲವು ವರ್ಷಗಳಲ್ಲಿ ಎರಡು ಸಾವಿರಕ್ಕೂ ಮೀರಿ ಪ್ರವೇಶಗಳು ಬಂದಿವೆ, ಭಾರತೀಯರೂ ಭಾಗವಹಿಸುತ್ತಾರೆ. ತೀರ್ಪುಗಾರರು ಲೋಕದ ಅಷ್ಟೂ ಮನೆಗಳಿಗೆ ಹೋಗುವಂತಿಲ್ಲವಲ್ಲ, ಆದ್ದರಿಂದ ತೊಟ್ಟಿಯ ಒಂದು ಛಾಯಾಚಿತ್ರವೇ ಪ್ರವೇಶಪತ್ರ. ಈ ಒಂದು ಏರ್ಪಾಡು ಇಡೀ ಕಲೆಯ ದಿಕ್ಕನ್ನೇ ತಿರುಗಿಸಿತೆಂದು ನಮ್ಮ ಅಭಿಪ್ರಾಯ.

ಚಿತ್ರದಲ್ಲಿ ಗೆಲ್ಲಬೇಕಾದರೆ ಆಳ ಕಾಣಬೇಕು, ಬೆರಗು ಹುಟ್ಟಬೇಕು. ಹೀಗೆ ಬೆಳೆದದ್ದು ಡಯೋರಾಮಾ ಶೈಲಿ. ಸೂಕ್ಷ್ಮ ಕಡ್ಡಿಗಳನ್ನು ಅಂಟಿನಿಂದ ಒಂದಕ್ಕೊಂದು ಕೂಡಿಸಿ, ತುದಿಗೆ ಹಾವಸೆ ಕಟ್ಟಿ, ನೂರು ವರ್ಷದ ಮರವೆಂಬಂತೆ ನಿಲ್ಲಿಸುತ್ತಾರೆ. ಮುಂದೆ ದೊಡ್ಡ ಕಲ್ಲು ಹಿಂದೆ ಚಿಕ್ಕ ಕಲ್ಲು ಇಟ್ಟು, ಬಿಳಿ ಮರಳಿನ ದಾರಿಯನ್ನು ಹಿಂದೆ ಹೋದಂತೆ ಕಿರಿದಾಗಿಸಿ, ಎರಡಡಿ ತೊಟ್ಟಿಯಲ್ಲಿ ಕಣಿವೆಯನ್ನೇ ತೋರಿಸುತ್ತಾರೆ. ತೇಲುವ ಬೆಟ್ಟಗಳಿವೆ, ಗುಹೆಗಳಿವೆ. ಜಲಪಾತವೂ ಇದೆ: ಗಾಳಿಯ ಪಂಪು ಕೊಳವೆಯ ಮೂಲಕ ಬಿಳಿ ಮರಳನ್ನು ಮೇಲಕ್ಕೆತ್ತಿ ಬಂಡೆಯ ಸಂದಿನಿಂದ ಸುರಿಸುತ್ತದೆ, ನೋಡುವವರಿಗೆ ಅದು ನೀರೊಳಗಿನ ಜೋಗ. ಬಂದ ಮಕ್ಕಳೆಲ್ಲ ಅದರ ಮುಂದೆ ನಿಂತುಬಿಡುತ್ತಾರೆ, ನಿಜ. ಮರಳಿನ ಕೊಳವೆ ಕಟ್ಟಿಕೊಂಡಾಗ ಕೈಹಾಕುವವರ ಪಾಡು ಮಾತ್ರ ಚಿತ್ರದಲ್ಲಿ ಕಾಣದು.

ಈ ಕುಶಲತೆಯನ್ನು ನಾವು ಹೀಗಳೆಯುವುದಿಲ್ಲ. ಆದರೆ ಸ್ಪರ್ಧೆಯ ತೊಟ್ಟಿ ನಾಟಕದ ರಂಗಸಜ್ಜಿಕೆಯಂತೆ: ಕೆಲವು ತಿಂಗಳು ಬೆಳೆಸಿ, ಕತ್ತರಿಸಿ, ಒಂದು ದಿನ ಎಲ್ಲ ಕೂಡಿಬಂದಾಗ ಚಿತ್ರ ತೆಗೆಯಲಾಗುತ್ತದೆ. ಆ ಬಳಿಕ ಎಷ್ಟೋ ತೊಟ್ಟಿಗಳನ್ನು ಕಳಚಿ ಮುಂದಿನ ವರ್ಷಕ್ಕೆ ಸಿದ್ಧತೆ ನಡೆಸುತ್ತಾರೆ. ಆ ಒಂದು ದಿನದ ಚಿತ್ರವನ್ನು ನೋಡಿ ಮನೆಯಲ್ಲಿ ಐದು ವರ್ಷ ಇಟ್ಟುಕೊಳ್ಳಲು ಹೊರಡುವವರು ನಾವು.

ಈ ಮಾತನ್ನು ಅನುಭವದಿಂದಲೇ ಹೇಳುತ್ತಿದ್ದೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲೂ ಎರಡಡಿಯ ಇವಾಗುಮಿ ತೊಟ್ಟಿಯೊಂದು ಇತ್ತು. ದೀಪಕ್ಕೆ ಬ್ಯಾಟರಿಯಿರುವ ಡಿಜಿಟಲ್ ಟೈಮರ್, ಅನಿಲದ ಸಿಲಿಂಡರಿಗೆ ಹಳೆಯ ಮಾದರಿಯ ತಿರುಗುವ ಟೈಮರ್ ಹಾಕಿದ್ದೆವು. ಮೇ ತಿಂಗಳಲ್ಲಿ ಉಪನಯನವೊಂದಕ್ಕೆ ಒಂಬತ್ತು ದಿನ ಊರಿಗೆ ಹೋದೆವು. ಆ ನಡುವೆ ಕಟ್ಟಡದ ಮೀಟರ್ ಕೋಣೆಯ ದುರಸ್ತಿಗೆಂದು ಆರು ಗಂಟೆ ವಿದ್ಯುತ್ ನಿಲ್ಲಿಸಿದ್ದರಂತೆ. ಡಿಜಿಟಲ್ ಟೈಮರ್ ತನ್ನ ಹೊತ್ತಿಗೆ ಸರಿಯಾಗಿ ದೀಪ ಆರಿಸಿತು. ತಿರುಗುವ ಟೈಮರ್ ಆರು ಗಂಟೆ ಹಿಂದೆ ಬಿದ್ದು, ದಿನವೂ ರಾತ್ರಿಯ ಕತ್ತಲಲ್ಲಿ ಅನಿಲ ಬಿಡುತ್ತ ಹೋಯಿತು. ಕತ್ತಲಲ್ಲಿ ಗಿಡಗಳು ಈ ಅನಿಲವನ್ನು ಹೀರುವುದಿಲ್ಲ, ಬದಲಿಗೆ ತಾವೂ ಆಮ್ಲಜನಕವನ್ನೇ ಉಸಿರಾಡುತ್ತವೆ. ಮೇಲೆ ಬೀಗ ಹಾಕಿದ ಮನೆಯ ಸೆಕೆ. ಬಂದು ನೋಡಿದಾಗ ಇಪ್ಪತ್ತು ನಿಯಾನ್ ಟೆಟ್ರಾಗಳಲ್ಲಿ ಒಂದೂ ಇರಲಿಲ್ಲ. ಹುಲ್ಲು ಮಾತ್ರ ಎಂದಿಗಿಂತ ಹಸಿರಾಗಿತ್ತು. ಮಗಳು ಎರಡು ದಿನ ಆ ಕೋಣೆಗೆ ಹೋಗಲಿಲ್ಲ. ತಪ್ಪು ಟೈಮರಿನದಲ್ಲ, ನಮ್ಮದು. ಎರಡು ಉಪಕರಣಗಳನ್ನು ಒಂದೇ ಟೈಮರಿಗೆ ಕೂಡಿಸಬೇಕೆಂಬ ಸಣ್ಣ ಸಂಗತಿ ನಮಗೆ ಹೊಳೆದಿರಲಿಲ್ಲ. ಅಂದಿನಿಂದ ಯಾವ ವಿನ್ಯಾಸವನ್ನು ಕಂಡರೂ, ಇದು ಮೇ ತಿಂಗಳನ್ನು ದಾಟೀತೇ ಎಂಬುದೇ ನಮ್ಮ ಮೊದಲ ಪ್ರಶ್ನೆ.

ಮರಳಿ ಸಹಜತೆಯತ್ತ

ಈಚಿನ ವರ್ಷಗಳಲ್ಲಿ ಗಾಳಿ ಇನ್ನೊಂದು ಕಡೆಗೂ ಬೀಸುತ್ತಿದೆ. ಸಿಲಿಂಡರಿಲ್ಲದೆ, ಕಡಿಮೆ ಬೆಳಕಿನಲ್ಲಿ, ನಿಧಾನವಾಗಿ ಬೆಳೆಯುವ ಗಿಡಗಳ ತೊಟ್ಟಿಗಳಿಗೆ ಈಗ ಮರ್ಯಾದೆ ಬಂದಿದೆ. ಇದಕ್ಕೆ ಶಾಸ್ತ್ರೀಯ ಆಧಾರ ಒದಗಿಸಿದವರು ಅಮೆರಿಕದ ಡಯಾನಾ ವಾಲ್‌ಸ್ಟಾಡ್. 1999ರಲ್ಲಿ ಪ್ರಕಟವಾದ ಅವರ ಪುಸ್ತಕ ಸಸ್ಯ ತೊಟ್ಟಿಯ ಪರಿಸರ ವಿಜ್ಞಾನವನ್ನು ವಿವರಿಸುತ್ತದೆ. ಅವರ ವಿಧಾನ ನಮ್ಮ ಅಜ್ಜಿಯರು ಕೇಳಿದ್ದರೆ ತಲೆದೂಗುವಂಥದ್ದು. ತಳದಲ್ಲಿ ಒಂದಂಗುಲ ಸಾಮಾನ್ಯ ತೋಟದ ಮಣ್ಣು, ಅದರ ಮೇಲೆ ಅಷ್ಟೇ ದಪ್ಪ ಗರಸು, ಮೊದಲ ದಿನವೇ ದಟ್ಟವಾಗಿ ಗಿಡ, ಕೆಲವೇ ಮೀನು. ಮಣ್ಣಿನಲ್ಲಿ ಕೊಳೆಯುವ ಜೈವಿಕ ಅಂಶದಿಂದ ಗಿಡಕ್ಕೆ ಬೇಕಾದ ಇಂಗಾಲ ಮೆಲ್ಲಗೆ ಹೊರಡುತ್ತದೆ, ಮೀನಿನ ಆಹಾರವೇ ಅಂತಿಮವಾಗಿ ಗಿಡದ ಗೊಬ್ಬರವಾಗುತ್ತದೆ. ವಾರಿಂಗ್ಟನ್ನರ 1850ರ ಪಾತ್ರೆಗೆ ಮರಳಿ ಬಂದಂತಾಯಿತು.

ಗಿಡಗಳ ಆಯ್ಕೆಯೂ ಬದಲಾಗಿದೆ. ಮಣ್ಣೇ ಬೇಡದೆ ಕಲ್ಲಿಗೂ ಕಟ್ಟಿಗೆಗೂ ಬೇರೂರಿ ಬದುಕುವ ಪಶ್ಚಿಮ ಆಫ್ರಿಕಾದ ಅನೂಬಿಯಾಸ್, ಆಗ್ನೇಯ ಏಷ್ಯಾದ ಜಾವಾ ಜರಿಗಿಡ, ಬೋರ್ನಿಯೋ ದ್ವೀಪವೊಂದರಲ್ಲೇ ಸಿಗುವ ಬುಸೆಫಲಾಂಡ್ರಾ ಈಗ ಬಹಳ ಬೇಡಿಕೆಯವು. ನೀಲಿ ಮಿಂಚಿನ ಗಾಢ ಎಲೆಯ ಬುಸೆಫಲಾಂಡ್ರಾ ಹೊಳೆಯ ಬಂಡೆಗಳ ಮೇಲೆ ಅತಿ ನಿಧಾನವಾಗಿ ಬೆಳೆಯುವ ಗಿಡ. ಅದನ್ನು ಕಾಡಿನಿಂದ ಸುಲಿದು ತರುವ ವ್ಯಾಪಾರ ಜೋರಾದಾಗ ಆಕ್ಷೇಪಗಳೂ ಎದ್ದವು. ಪ್ರಯೋಗಾಲಯದ ಊತಕ ಕೃಷಿಯಲ್ಲಿ ಬೆಳೆಸಿ, ಮುಚ್ಚಳವಿರುವ ಪುಟ್ಟ ಡಬ್ಬಿಯಲ್ಲಿ ಮಾರುವ ಗಿಡಗಳು ಇದಕ್ಕೆ ಒಳ್ಳೆಯ ಪರ್ಯಾಯ. ಅವುಗಳೊಂದಿಗೆ ಬಸವನಹುಳುವಾಗಲಿ ಪಾಚಿಯಾಗಲಿ ಬರುವುದಿಲ್ಲ.

ಅರ್ಧ ನೀರು, ಅರ್ಧ ಗಾಳಿಯ ತೊಟ್ಟಿಗಳೂ ಜನಪ್ರಿಯವಾಗುತ್ತಿವೆ. ಬೇರು ನೀರಿನಲ್ಲಿ, ಎಲೆ ಹೊರಗೆ. ಎಲೆಗೆ ಗಾಳಿಯಿಂದಲೇ ಇಂಗಾಲ ಸಿಗುವುದರಿಂದ ಸಿಲಿಂಡರಿನ ಮಾತೇ ಇಲ್ಲ. ಕಿಟಕಿಯ ಮನಿಪ್ಲಾಂಟಿನ ಒಂದು ಬಳ್ಳಿಯನ್ನು ತೊಟ್ಟಿಯಲ್ಲಿ ಇಳಿಬಿಟ್ಟರೂ ಅದು ಮೀನಿನ ಹೊಲಸಿನ ನೈಟ್ರೇಟನ್ನು ಆಸೆಯಿಂದ ಹೀರಿಕೊಳ್ಳುತ್ತದೆ.

ಇನ್ನು ಬಯೋಟೋಪ್ ಎಂಬ ಶೈಲಿ. ಒಂದು ನಿರ್ದಿಷ್ಟ ಹೊಳೆಯನ್ನೋ ಕೆರೆಯನ್ನೋ ಆರಿಸಿ, ಅಲ್ಲಿನದೇ ಮೀನು, ಗಿಡ, ಕಲ್ಲು, ತರಗೆಲೆಗಳಿಂದ ತೊಟ್ಟಿಯನ್ನು ಕಟ್ಟುವುದು ಇದರ ನಿಯಮ. ಅಂದಕ್ಕಿಂತ ನಿಜಕ್ಕೆ ಇಲ್ಲಿ ಬೆಲೆ. ಅಮೆಜಾನಿನ ಕಪ್ಪುನೀರಿನ ಹೊಳೆಗಳ ಮಾದರಿಯಲ್ಲಿ ನೀರು ಚಹಾದ ಬಣ್ಣಕ್ಕಿರುತ್ತದೆ, ತಳದಲ್ಲಿ ಒಣಗಿದ ಎಲೆಗಳು ಹಾಸಿರುತ್ತವೆ. ಈ ಬಣ್ಣಕ್ಕಾಗಿ ಲೋಕವೆಲ್ಲ ದುಡ್ಡು ಕೊಟ್ಟು ತರಿಸುವ ಎಲೆ ಯಾವುದು ಗೊತ್ತೇ? ಮುಂಬಯಿಯ ರಸ್ತೆಬದಿಗಳಲ್ಲಿ ರಾಶಿ ಬೀಳುವ ಕಾಡುಬಾದಾಮಿಯ ಕೆಂಪೆಲೆ. ವಾಹನಗಳ ಹೊಗೆ ತಾಕದ ಮರದಡಿಯಿಂದ ಆಯ್ದು, ತೊಳೆದು, ಒಣಗಿಸಿ ಬಳಸಿದರೆ ಖರ್ಚಿಲ್ಲ.

ನಮ್ಮ ನೀರು, ನಮ್ಮ ಮನೆ

ಮುಂಬಯಿಯ ನಳದ ನೀರು ತಾನಸಾ, ವೈತರಣಾ, ಭಾತ್ಸಾ ಜಲಾಶಯಗಳಿಂದ ಬರುವ ಮೃದು ನೀರು, ಬಹುತೇಕ ಗಿಡಗಳಿಗೆ ಒಗ್ಗುತ್ತದೆ. ಬೋರ್‌ವೆಲ್ ಮತ್ತು ಟ್ಯಾಂಕರುಗಳನ್ನು ನಂಬಿರುವ ಚೆನ್ನೈ, ಹೈದರಾಬಾದ್, ದೆಹಲಿಯ ಬಡಾವಣೆಗಳಲ್ಲಿ ನೀರು ಸಾಮಾನ್ಯವಾಗಿ ಗಡಸು. ಅಲ್ಲಿ ವ್ಯಾಲಿಸ್ನೇರಿಯಾದಂತಹ ಗಟ್ಟಿಗಿಡಗಳನ್ನೇ ಆರಿಸುವುದು ಜಾಣತನ. ನಳದ ನೀರಿನ ಕ್ಲೋರಿನ್ ಹೋಗಲಾಡಿಸಲು ಅಂಗಡಿಗಳಲ್ಲಿ ಆಂಟಿ ಕ್ಲೋರಿನ್ ಎಂದು ಸಿಗುವ ದ್ರವ ಸಾಕು. ಹೊಸ ತೊಟ್ಟಿಗೆ ಅಂದೇ ಮೀನು ಬಿಡಬಾರದು. ಹೊಲಸಿನ ಅಮೋನಿಯಾವನ್ನು ನೈಟ್ರೈಟಾಗಿಸಿ, ಬಳಿಕ ನೈಟ್ರೇಟಾಗಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ಕೊಂಡ ದಿನವೇ ಮೀನನ್ನೂ ಚೀಲದಲ್ಲಿ ಕಟ್ಟಿಕೊಡುವ ಅಂಗಡಿಯವರು ಇದನ್ನು ಹೇಳುವುದು ಅಪರೂಪ.

ಸೆಕೆಯ ವಿಷಯ ಇನ್ನೂ ಗಂಭೀರ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿದರೆ 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಮೀನಿನ ಅಗತ್ಯ ಮಾತ್ರ ಆ ಸೆಕೆಯಲ್ಲಿ ಏರಿರುತ್ತದೆ. ನೀರಿನ ಮೇಲ್ಮೈಗೆ ಚಿಕ್ಕ ಫ್ಯಾನು ಬೀಸಿದರೆ ಮಡಕೆಯ ನೀರು ತಣಿಯುವ ನ್ಯಾಯದಿಂದಲೇ ಎರಡು-ಮೂರು ಡಿಗ್ರಿ ತಗ್ಗಬಹುದು. ಪುಣೆ, ಹೈದರಾಬಾದ್, ದೆಹಲಿಗಳ ಒಣಸೆಕೆಯಲ್ಲಿ ಈ ಉಪಾಯ ಚೆನ್ನಾಗಿ ಫಲಿಸುತ್ತದೆ, ಮುಂಬಯಿ ಚೆನ್ನೈಗಳ ಬೆವರಿನ ಹವೆಯಲ್ಲಿ ಅಷ್ಟಕ್ಕಷ್ಟೇ. ಚಿಲ್ಲರ್ ಎಂಬ ಯಂತ್ರವಿದೆ. ತೊಟ್ಟಿಗಿಂತ ಅದರ ಬೆಲೆಯೇ ಹೆಚ್ಚಾದೀತು.

ತೂಕವನ್ನೂ ಮರೆಯುವಂತಿಲ್ಲ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಯಲ್ಲಿ ಸುಮಾರು 255 ಲೀಟರ್ ನೀರು ಹಿಡಿಸುತ್ತದೆ. ಗಾಜು, ಕಲ್ಲು, ಮಣ್ಣು, ಮೇಜು ಸೇರಿದರೆ 300 ಕಿಲೋ ಮೀರುತ್ತದೆ, ಅದೂ ಆರು ಚದರಡಿ ಜಾಗದಲ್ಲಿ. ವಾಸದ ಕೋಣೆಗಳ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಹೊರೆಯ ಲೆಕ್ಕದಲ್ಲಿ ಕಟ್ಟುತ್ತಾರೆ. ಆದ್ದರಿಂದ ದೊಡ್ಡ ತೊಟ್ಟಿಯನ್ನು ಕೋಣೆಯ ನಡುವೆ ಇಡದೆ ತೊಲೆಯ ಮೇಲೆ, ಗೋಡೆಗೆ ಒತ್ತಿ ಇಡಬೇಕು. ಮರದ ನೆಲದ ಹಳೆಯ ಚಾಳುಗಳಲ್ಲಿ ಆ ಯೋಚನೆಯನ್ನೇ ಮಾಡಬಾರದು. ಎರಡಡಿಯ ತೊಟ್ಟಿಗೆ ಈ ಭಯವಿಲ್ಲ.

ಘಟ್ಟದ ಸಂಪತ್ತು

ಹೊರದೇಶಗಳ ಹವ್ಯಾಸಿಗಳು ಹಂಬಲಿಸುವ ಎಷ್ಟೋ ಗಿಡಗಳು ನಮ್ಮ ಪಶ್ಚಿಮ ಘಟ್ಟದವು. ತೊಟ್ಟಿಯಲ್ಲಿ ಕೆಂಡದಂತೆ ಕೆಂಪೇರುವ ರೊಟಾಲಾ ಮ್ಯಾಕ್ರಾಂಡ್ರಾ ದಕ್ಷಿಣ ಭಾರತದ್ದು. ಗುಲಾಬಿ ಛಾಯೆಯ ಲಜೆನಾಂಡ್ರಾ ಮೀಬೋಲ್ಡಿ ಘಟ್ಟದ ತೊರೆಗಳದ್ದು. ಕ್ರಿಪ್ಟೊಕೊರೈನ್ ಜಾತಿಗಳು ತೋಡಿನ ದಂಡೆಯಲ್ಲಿ, ಹೊಳೆಯ ಬಂಡೆಗಳ ಸಂದಿನಲ್ಲಿ ಬೆಳೆಯುತ್ತವೆ. ಪಚ್ಚೆತೆನೆಯ ಕುಲದ್ದೇ ಆದ ಜಲವಾಸಿ ಪೊಗೊಸ್ಟೆಮಾನ್‌ಗಳೂ ಇವೆ. ನೀರುಬ್ರಾಹ್ಮಿಯಂತೂ ಜಗತ್ತಿನ ಅಕ್ವೇರಿಯಂ ಅಂಗಡಿಗಳಲ್ಲೆಲ್ಲ ಬಕೋಪಾ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ನಾವು ತಂಬುಳಿ ಮಾಡುವ ಒಂದೆಲಗಕ್ಕೂ ಬ್ರಾಹ್ಮಿ ಎನ್ನುತ್ತಾರಾದರೂ ಅದು ಬೇರೆ ಗಿಡ. ನೀರುಬ್ರಾಹ್ಮಿ ಗಡಸು ನೀರನ್ನೂ ಸೆಕೆಯನ್ನೂ ಸಿಲಿಂಡರಿಲ್ಲದ ಬಡತನವನ್ನೂ ಸಹಿಸುತ್ತದೆ.

ಮೀನುಗಳಲ್ಲಿ ಮಿಸ್ ಕೇರಳ ಎಂದು ಹೆಸರಾದ ಕೆಂಪು ಗೆರೆಯ ಮೀನು ಘಟ್ಟದ ವೇಗದ ಹೊಳೆಗಳದ್ದು. 1865ರಲ್ಲಿ ಫ್ರಾನ್ಸಿಸ್ ಡೇ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. 2013ರಲ್ಲಿ ಇದರ ಕುಲಕ್ಕೆ ಸಹ್ಯಾದ್ರಿಯಾ ಎಂದೇ ನಾಮಕರಣವಾಯಿತು. ಅಷ್ಟರಲ್ಲಿ ರಫ್ತಿಗಾಗಿ ಹೊಳೆಗಳಿಂದ ಬಲೆ ಹಾಕಿ ಬಾಚಿ, ಅಳಿವಿನಂಚಿನ ಪಟ್ಟಿಗೆ ಅದು ಸೇರಿಯೂ ಆಗಿತ್ತು. ಈಗ ಸಾಕಣೆಯಲ್ಲಿ ಮರಿ ಮಾಡಿಸುವುದು ಸಾಧ್ಯವಾಗಿದೆ. ಕೊಳ್ಳುವವರು ಸಾಕಣೆಯ ಮರಿಯೇ ಎಂದು ಕೇಳಿ ಕೊಳ್ಳಬೇಕು. ಜೊತೆಗೆ ಅದು ಗುಂಪಿನಲ್ಲಿ ಈಜುವ, ಅರ್ಧ ಅಡಿಯವರೆಗೆ ಬೆಳೆಯಬಲ್ಲ ಮೀನೆಂಬುದೂ ತಿಳಿದಿರಬೇಕು. ಎರಡಡಿಯ ತೊಟ್ಟಿ ಅದಕ್ಕೆ ಸೆರೆಮನೆ. ಊರಿಗೆ ಹೋದಾಗ ಹೊಳೆಯಿಂದ ಗಿಡ, ಮೀನುಗಳನ್ನು ತರುವ ಉತ್ಸಾಹ ಕೆಲವರಿಗಿರುತ್ತದೆ. ಅಭಯಾರಣ್ಯದೊಳಗೆ ಅದು ಅಪರಾಧ. ಹೊರಗಡೆಯೂ, ಸ್ವಂತ ತೋಟದ ಕೆರೆಯಿಂದ ನೀರುಬ್ರಾಹ್ಮಿಯ ನಾಲ್ಕು ಕಡ್ಡಿ ತರುವುದಕ್ಕಿಂತ ಮುಂದೆ ಹೋಗಬಾರದೆಂದು ನಮ್ಮ ಕೋರಿಕೆ.

ತರುವುದಕ್ಕಿಂತ ಎಸೆಯುವುದು ಹೆಚ್ಚು ಅಪಾಯಕಾರಿ. 2020ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಆವಳ ಪಾಂಡಿ ಎಂಬಲ್ಲಿ ತೋಡೊಂದು ಗುಲಾಬಿ ಹೂಗಳಿಂದ ತುಂಬಿಹೋಗಿ ಜನ ಜಾತ್ರೆಯಂತೆ ನೆರೆದಿದ್ದರು. ಅದು ದಕ್ಷಿಣ ಅಮೆರಿಕ ಮೂಲದ, ಅಕ್ವೇರಿಯಂ ಗಿಡವೆಂದೇ ಪರಿಚಿತವಾದ ಕಬೋಂಬಾ. ನೀರಿನ ಹರಿವನ್ನು ಕಟ್ಟುವ, ಸ್ಥಳೀಯ ಗಿಡಗಳನ್ನು ಮುಚ್ಚಿಹಾಕುವ ಕಳೆಯೆಂದು ತಜ್ಞರು ಎಚ್ಚರಿಸಿದರು; ನೋಡಲು ಬಂದವರು ಅದರ ಕಡ್ಡಿಗಳನ್ನು ಮನೆಗೊಯ್ದರು. ಗಾಜಿನ ಪಾಚಿ ತಿನ್ನಲೆಂದು ತಂದು, ಒಂದಡಿ ಮೀರಿ ಬೆಳೆದಾಗ ಕೆರೆಗೆ ಬಿಟ್ಟ ಸಕ್ಕರ್ ಮೀನು ಇಂದು ಕೇರಳ, ಆಂಧ್ರ, ಬಂಗಾಳಗಳ ಮೀನುಗಾರರ ಬಲೆ ಹರಿಯುತ್ತಿದೆ. ಕತ್ತರಿಸಿದ ಗಿಡವನ್ನು ಬಿಸಿಲಲ್ಲಿ ಪೂರ್ಣ ಒಣಗಿಸಿ ಹೂಕುಂಡದ ಗೊಬ್ಬರ ಮಾಡಬೇಕು. ಬೇಡವಾದ ಮೀನನ್ನು ಅಂಗಡಿಗೋ ಇನ್ನೊಬ್ಬ ಹವ್ಯಾಸಿಗೋ ಕೊಡಬೇಕು. ಗಣೇಶ ವಿಸರ್ಜನೆಯ ಕೆರೆಗೆ ಬಿಟ್ಟು ಪುಣ್ಯ ಬಂತೆನ್ನುವವರನ್ನು ನಾವು ಕಂಡಿದ್ದೇವೆ. ಆ ಪುಣ್ಯ ಕೆರೆಗೆ ಬೇಡ.

ಮೇ ಪ್ರಯಾಣಕ್ಕೆ ಮುನ್ನ ಮಾಡಬೇಕಾದ್ದು ಹೆಚ್ಚಿಲ್ಲ. ಸಿಲಿಂಡರಿದ್ದರೆ ಅದರ ಮುಖ್ಯ ವಾಲ್ವನ್ನೇ ಮುಚ್ಚಬೇಕು, ದೀಪವನ್ನು ದಿನಕ್ಕೆ ಆರು ಗಂಟೆಗೆ ಇಳಿಸಬೇಕು, ಎರಡು ದಿನ ಮುಂಚೆ ಮೂರನೆಯ ಒಂದು ಪಾಲು ನೀರು ಬದಲಿಸಬೇಕು. ಆರೋಗ್ಯವಂತ ದೊಡ್ಡ ಮೀನು ಒಂದು ವಾರ ಉಪವಾಸವಿರಬಲ್ಲದು. ನೆರೆಮನೆಯವರಿಗೆ ಆಹಾರದ ಡಬ್ಬಿಯನ್ನೇ ಕೊಟ್ಟುಹೋದರೆ ಪ್ರೀತಿಯಿಂದ ಸುರಿದು ನೀರು ಕೆಡಿಸುತ್ತಾರೆ. ಒಂದೊಂದು ಹೊತ್ತಿನದನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿಡುವುದು ಲೇಸು.

ನಮ್ಮ ಹಳೆಯ ಇವಾಗುಮಿಯ ಕಲ್ಲುಗಳು ಈಗ ಬಾಲ್ಕನಿಯ ತುಳಸಿ ಕುಂಡದ ಸುತ್ತ ಇವೆ. ಅದೇ ಎರಡಡಿಯ ತೊಟ್ಟಿಯಲ್ಲಿ ಮಣ್ಣು ಹಾಸಿ, ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರೈನ್, ಊರ ತೋಟದ ಕೆರೆಯ ನೀರುಬ್ರಾಹ್ಮಿ ನೆಟ್ಟಿದ್ದೇವೆ. ಚಿತ್ರ ತೆಗೆದು ಸ್ಪರ್ಧೆಗೆ ಕಳಿಸುವಂಥದ್ದಲ್ಲ. ಐದು ಬೇಸಿಗೆ ಕಳೆದಿದೆ, ಬ್ರಾಹ್ಮಿ ನೀರಿನಿಂದ ಮೇಲೆದ್ದು ಕಿಟಕಿಯ ಕಡೆಗೆ ವಾಲಿದೆ, ಈ ವರ್ಷ ಊರಿನಿಂದ ಮರಳಿದ ದಿನ ಅದರಲ್ಲಿ ಬಿಳಿಯ ಪುಟ್ಟ ಹೂಗಳು ನಾಲ್ಕು ಇದ್ದವು.